ಮಳಿ ಬಂದರ ಜಲಪಾತ

ಗದಗ ಸೀಮೆಯವರ ಮುಂದೆ ಜಲಪಾತದ ಮಾತು ತೆಗೆದು ನೋಡಿ. ಮೊದಲು ನಗುತ್ತಾರೆ. ಆಮೇಲೆ ಮಾತು ಮಳೆಗೆ ಹೊರಳುತ್ತದೆ, ಮಳೆಯಿಂದ ಕೆರೆಗೆ ಬರುತ್ತದೆ, ಕೆರೆಯಿಂದ ನಲ್ಲಿಗೆ ಬಂದು ಅಲ್ಲೇ ಠಿಕಾಣಿ ಹೂಡುತ್ತದೆ. ತಮ್ಮ ಓಣಿಗೆ ಯಾವ ವರ್ಷ ಎಷ್ಟು ದಿನಕ್ಕೊಮ್ಮೆ ನೀರು ಬಂತು ಎಂಬ ಇತಿಹಾಸ ಇಲ್ಲಿ ಪ್ರತಿಯೊಬ್ಬರಿಗೂ ಬಾಯಿಪಾಠ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಬಯಲು ನಮ್ಮದು. ಅದೂ ಮುಂಗಾರು ಮುನಿಸಿಕೊಂಡರೂ ಹಿಂಗಾರು ಕೈಹಿಡಿದ ವರ್ಷದ ಲೆಕ್ಕ. ಹಂಡೆ, ಕೊಡ, ಬ್ಯಾರಲ್ಲು, ಮಾಳಿಗೆ ಮೇಲಿನ ಸಿಂಟೆಕ್ಸು ಎಲ್ಲ ತುಂಬಿದ ದಿನವೇ ಹಬ್ಬ. ಇಂಥಲ್ಲಿ ನೀರು ಮೇಲಿನಿಂದ ಸುಮ್ಮನೆ ಬೀಳುತ್ತಿರುತ್ತದೆ, ಜನ ಕೈಕಟ್ಟಿ ನಿಂತು ನೋಡುತ್ತಾರೆ, ಒಬ್ಬರೂ ಕೊಡ ಹಿಡಿಯುವುದಿಲ್ಲ ಎಂದರೆ ಯಾರು ನಂಬಬೇಕು?

ಆದರೂ ನಮ್ಮ ಬಳಗ ಜಲಪಾತ ನೋಡಲು ಹೊರಟಿತು. ಬಳಗ ಅಂದರೆ ನಾಲ್ಕು ಊರಿನ ಕೂಡಾವಳಿ. ಅವ್ವ ಬೆಟಗೇರಿಯವಳು, ಮಗ್ಗದ ಸಪ್ಪಳ ಕೇಳುತ್ತ ಬೆಳೆದವಳು. ಈಗಲೂ ಮನೆ ತೀರಾ ಸುಮ್ಮನಿದ್ದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ಅತ್ತೆಯದು ಲಕ್ಷ್ಮೇಶ್ವರ. ಹಿಂದಿನ ಪುಲಿಗೆರೆ. ತಿರುಳ್ಗನ್ನಡದ ನಾಡು ಯಾವುದು ಎಂದು ಹೇಳುವಾಗ ಕವಿರಾಜಮಾರ್ಗ ಹೆಸರಿಸಿದ ಊರುಗಳಲ್ಲಿ ಅದೂ ಒಂದು ಎಂಬುದನ್ನು ಅವರಿಗೆ ಯಾರೋ ಹೇಳಿಕೊಟ್ಟ ಮೇಲೆ ನಮ್ಮೆಲ್ಲರ ಕನ್ನಡ ತಿದ್ದುವ ಹಕ್ಕನ್ನು ಅವರು ಬಿಟ್ಟುಕೊಟ್ಟಿಲ್ಲ. ಭಾವ ಶಿರಹಟ್ಟಿಯವರು, ಮಾತಿಗೊಮ್ಮೆ ಫಕೀರೇಶ್ವರನ ಆಣೆ. ಮುಂಡರಗಿಯ ಕಾಕಾ ನಿವೃತ್ತ ಮಾಸ್ತರರು. ಶಾಲೆ ಬಿಟ್ಟರೂ ಪಾಠ ಬಿಟ್ಟಿಲ್ಲ. ಈ ನಾಲ್ವರು ಒಂದು ವಿಷಯಕ್ಕೆ ಒಪ್ಪಿದ್ದು ನಾನು ಕಂಡಿಲ್ಲ. ಮದುವೆಯ ಮುಹೂರ್ತವಾದರೂ ಸರಿ, ಬದನೆಕಾಯಿಗೆ ಗುರೆಳ್ಳು ಹಾಕಬೇಕೋ ಶೇಂಗಾ ಹಾಕಬೇಕೋ ಎಂಬುದಾದರೂ ಸರಿ.

ಕಿಡಿ ಹಚ್ಚಿದವನು ಅತ್ತೆಯ ಮಗ. ಅವನು ಜೊಹಾನ್ಸ್‌ಬರ್ಗ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಡಿಸೆಂಬರ್ ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಡ್ರಾಕೆನ್ಸ್‌ಬರ್ಗ್ ಪರ್ವತಕ್ಕೆ ಹೋಗಿ ಟೆಂಟು ಹಾಕಿ ಬಂದ. ನಮಗೆ ಚಳಿಗಾಲವಾದಾಗ ಅಲ್ಲಿ ಬೇಸಿಗೆ, ಬೇಸಿಗೆಯೇ ಅವರ ಮಳೆಗಾಲ. ಅವನು ಕಳಿಸಿದ ವಿಡಿಯೊದಲ್ಲಿ ಐದು ಕಿಲೊಮೀಟರ್ ಉದ್ದಕ್ಕೆ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ನಿಂತ ಬಂಡೆ. ಆಂಫಿಥಿಯೇಟರ್ ಅಂತೆ ಅದರ ಹೆಸರು. ಅದರ ನೆತ್ತಿಯಿಂದ ತುಗೇಲಾ ನದಿ ಐದು ನೆಗೆತಕ್ಕೆ ಕೆಳಗಿಳಿಯುತ್ತದೆ, ಒಟ್ಟು 948 ಮೀಟರ್. ಮೇಲೆ ಹತ್ತಲು ಬಂಡೆಗೆ ಬಿಗಿದ ಸರಪಳಿ ಏಣಿ. ಏಣಿಯ ನಡುವೆ ಅವನ ಸಣ್ಣ ಮಗಳು ಕೈಬೀಸಿದ್ದನ್ನು ನೋಡಿ ಅತ್ತೆ ಲಕ್ಷ್ಮೇಶ್ವರದಲ್ಲಿ ಕೂತೇ ಸೋಮೇಶ್ವರನಿಗೆ ಹರಕೆ ಹೊತ್ತರು. ನಮ್ಮ ಮನೆಯ ಹುಡುಗರು ಬೇರೆಯೇ ಹರಕೆ ಹೊತ್ತರು: ನಾವೂ ಟೆಂಟು ಹಾಕಬೇಕು, ನಾವೂ ಫಾಲ್ಸ್ ನೋಡಬೇಕು, ಮತ್ತು ಅದನ್ನು ಅಣ್ಣನಿಗೆ ವಿಡಿಯೊ ಮಾಡಿ ಕಳಿಸಬೇಕು.

ಎಲ್ಲಿಗೆ ಎನ್ನುವ ಪ್ರಶ್ನೆಯೇ ಇರಲಿಲ್ಲ. ನಮಗಿರುವುದು ಒಂದೇ ಗುಡ್ಡ. ಗದಗಿನ ಪಕ್ಕದ ಬಿಂಕದಕಟ್ಟಿಯ ಹತ್ತಿರ ಎದ್ದು, ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ಕಡೆಗೆ ಮಲಗುವ ಕಪ್ಪತಗುಡ್ಡ. ಎಪ್ಪತ್ತು ಗಿರಿ ಸುತ್ತುವುದಕ್ಕಿಂತ ಕಪ್ಪತಗಿರಿ ನೋಡುವುದು ಮೇಲು ಎಂದು ನಮ್ಮ ಹಿರಿಯರು ಹೇಳಿಬಿಟ್ಟಿದ್ದಾರೆ. ಉಳಿದ ಅರವತ್ತೊಂಬತ್ತು ನೋಡದೆ ಇದ್ದುದಕ್ಕೆ ಇಷ್ಟು ಚೆಂದದ ಸಮರ್ಥನೆ ಬೇರೆ ಯಾವ ಸೀಮೆಯವರಿಗೂ ಹೊಳೆದಿರಲಿಕ್ಕಿಲ್ಲ. ಗುಡ್ಡ ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕಿಗೆ ಮೈಚಾಚಿದೆ. ಹಾಗಾಗಿ ಮೂರೂ ತಾಲೂಕಿನವರ ಲೆಕ್ಕದಲ್ಲಿ ಅದರ ಮುಖ ತಮ್ಮ ಕಡೆಗಿದೆ, ಬೆನ್ನು ಉಳಿದವರ ಕಡೆಗಿದೆ.

ಸಮಸ್ಯೆ ಇದ್ದದ್ದು ಜಲಪಾತದ್ದು. ಕಪ್ಪತಗುಡ್ಡದಲ್ಲಿ ಜಲಪಾತ ಇಲ್ಲ ಎನ್ನುವಂತಿಲ್ಲ, ಇದೆ ಎಂದರೂ ತಪ್ಪಾಗುತ್ತದೆ. ಜೋರು ಮಳೆ ಹೊಡೆದರೆ ಕೊರಕಲು ಕೊರಕಲಿನಲ್ಲೂ ನೀರು ಧುಮುಕುತ್ತದೆ. ಮಳೆ ನಿಂತ ಮರುದಿನ ಸಣ್ಣಗಾಗುತ್ತದೆ, ಅದರ ಮರುದಿನ ಹಸಿ ಕಲ್ಲು ಮಾತ್ರ ಉಳಿಯುತ್ತದೆ. ಆದ್ದರಿಂದ ಹುಡುಗರಿಗೆ ಮಳೆಗಾಲದ ತನಕ ಕಾಯಲು ಹೇಳಲಾಯಿತು. ಯುಗಾದಿ ಹೋಯಿತು, ಕಾರಹುಣ್ಣಿಮೆ ಹೋಯಿತು. ಶ್ರಾವಣದಲ್ಲಿ ಕಪ್ಪತ ಮಲ್ಲೇಶ್ವರನ ದರ್ಶನಕ್ಕೆ ಜನ ಸಾಲುಗಟ್ಟಿ ಹೋಗಿಬಂದರು. ಮಳೆ ಜಿಟಿಜಿಟಿ ಅಂದಿತೇ ಹೊರತು ಧೋ ಅನ್ನಲಿಲ್ಲ. ಕಡೆಗೆ ಹುಬ್ಬಿ ಮಳೆ ಒಂದು ರಾತ್ರಿ ಮಾಳಿಗೆ ಸೋರುವಂತೆ ಸುರಿಯಿತು. ಬೆಳಿಗ್ಗೆ ಕಾಕಾನ ಫೋನು: “ಜಲಪಾತ ತಯಾರ್ ಆಗೇತಿ. ಇವತ್ತ ಹೊಂಡ್ರಿ, ನಾಳೆ ಅಂದ್ರ ಮುಗೀತು.”

ಕ್ರೂಸರ್ ಗಾಡಿ ಗದಗ ಬಿಟ್ಟು ಡಂಬಳದ ದಾರಿ ಹಿಡಿಯಿತು. ಕಾಕಾ ಮುಂದಿನ ಸೀಟು, ಅಂದರೆ ಪಾಠ ಶುರು. ಡ್ರಾಕೆನ್ಸ್‌ಬರ್ಗ್‌ನ ನೆತ್ತಿಯ ಕರಿಕಲ್ಲು ಲಾವಾ ಉಕ್ಕಿ ಹೆಪ್ಪುಗಟ್ಟಿದ್ದು ಸುಮಾರು 18 ಕೋಟಿ ವರ್ಷದ ಹಿಂದೆ ಎಂದು ಅವರು ಅದಾಗಲೇ ಓದಿಕೊಂಡಿದ್ದರು. “ಕಪ್ಪತಗುಡ್ಡ ಧಾರವಾಡ ಶಿಲೆ. 250 ಕೋಟಿ ವರ್ಷಕ್ಕಿಂತ ಹಿಂದಿಂದು. ಅವನ ಗುಡ್ಡ ಇದರ ಮುಂದ ತೊಟ್ಟಿಲದಾಗಿನ ಕೂಸು” ಎಂದು ಹೇಳಿ, ಅತ್ತೆಯ ಕಡೆ ತಿರುಗಿ ನೋಡಿದರು. ಮಗನ ಗುಡ್ಡಕ್ಕೆ ಅಂದರೆ ಅತ್ತೆಗೆ ಮಗನಿಗೇ ಅಂದಂತೆ. “ವಯಸ್ಸಾದ್ರ ಏನಾತು, ಎತ್ತರ ಬೆಳೀಬೇಕಲ್ಲ” ಎಂದರು.

ಹಳೆಯ ಕಲ್ಲಿಗೆ ಹಳೆಯ ತಾಪತ್ರಯವೂ ಇದೆ. ಅದರ ಹೊಟ್ಟೆಯಲ್ಲಿ ಕಬ್ಬಿಣ ಇದೆ, ಚಿನ್ನವೂ ಇದೆ. ಬ್ರಿಟಿಷರ ಕಾಲದಲ್ಲೇ ಇಲ್ಲಿ ಚಿನ್ನಕ್ಕೆ ಅಗೆದವರಿದ್ದಾರೆ. 2011ರಲ್ಲಿ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಕೇಳಿದಾಗ ರೈತರು ತಿರುಗಿಬಿದ್ದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಯೋಜನೆ ಹಿಂದೆ ಸರಿಯಿತು. 2015ರ ಕೊನೆಗೆ ಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದರು, ಮರುವರ್ಷ ಅದನ್ನು ಹಿಂದಕ್ಕೆ ಪಡೆದರು. ಸ್ವಾಮಿಗಳು ಮತ್ತೆ ಬೀದಿಗಿಳಿದರು, 2017ರಲ್ಲಿ ಮೀಸಲು ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೊಮೀಟರ್ ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಅವರಿರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಬಯಲುಸೀಮೆಯ ಜನ ಇಷ್ಟೊಂದು ಹಟ ಹಿಡಿದು ಒಂದು ಗುಡ್ಡಕ್ಕೆ ಯಾಕೆ ಬಡಿದಾಡಿದರು ಎಂದು ಹೊರಗಿನವರಿಗೆ ಸೋಜಿಗ. ಔಷಧಿ ಗಿಡ, ಚಿರತೆ, ತೋಳ ಎಲ್ಲ ನಿಜ. ಆದರೆ ನಮ್ಮ ಮೋಡಗಳು ಹೋಗುವ ದಾರಿಯಲ್ಲಿ ಅವನ್ನು ತಡೆದು ಮಾತಾಡಿಸುವುದು ಆ ಗುಡ್ಡ ಒಂದೇ ಎಂಬ ನಂಬಿಕೆ ಎಲ್ಲಕ್ಕಿಂತ ದೊಡ್ಡದು.

ಡಂಬಳದಲ್ಲಿ ಚಹಾಕ್ಕೆ ನಿಂತೆವು. ಕಾಕಾ ಚಹಾದ ಜೊತೆಗೆ ದೊಡ್ಡಬಸಪ್ಪನ ಗುಡಿಯನ್ನೂ ಬಡಿಸಿದರು. 24 ಮೂಲೆಯ ನಕ್ಷತ್ರದಂಥ ಗರ್ಭಗುಡಿ. ಮೂಲೆ ಎಣಿಸಲು ಹುಡುಗರನ್ನು ಬಿಟ್ಟರು, ಒಬ್ಬೊಬ್ಬರದು ಒಂದೊಂದು ಲೆಕ್ಕ ಬಂತು. 1095ರ ಶಾಸನದ ಪ್ರಕಾರ ಈ ಊರಿನಲ್ಲಿ ಬೌದ್ಧರ ತಾರಾದೇವಿಯ ವಿಹಾರವೂ ಇತ್ತು. ಅವ್ವ ಇದಾವುದಕ್ಕೂ ಕಿವಿಗೊಡದೆ ಕೆರೆಯ ಏರಿಯ ಮೇಲೆ ನಿಂತು ನೀರು ಎಲ್ಲಿಯ ತನಕ ಬಂದಿದೆ ಎಂದು ಕಣ್ಣಳತೆ ಮಾಡುತ್ತಿದ್ದಳು.

ವನ್ಯಧಾಮದೊಳಗೆ ಮನಸ್ಸಿಗೆ ಬಂದಲ್ಲಿ ಟೆಂಟು ಹಾಕುವ ಹಾಗಿಲ್ಲ. ಹಾಕಬಾರದು ಕೂಡ, ಅದು ಕತ್ತೆಕಿರುಬದ ಮನೆ. ಡೋಣಿಯ ಕಡೆ ಗುಡ್ಡದ ಬುಡಕ್ಕೆ ಕಾಕಾನ ಹಳೆಯ ಶಿಷ್ಯನೊಬ್ಬನ ಹೊಲವಿತ್ತು. ಶೇಂಗಾ ಹೊಲದ ಬದುವಿನಲ್ಲಿ ಗರಸು ಮಣ್ಣಿನ ಒಂದು ಬಯಲು. ಅಲ್ಲಿ ಟೆಂಟು ಬಿಚ್ಚಿದೆವು. ಅದರ ಚೀಟಿಯಲ್ಲಿ ನಾಲ್ಕು ಜನ ಮಲಗಬಹುದು ಎಂದು ಬರೆದಿತ್ತು. ಬರೆದವರು ನಮ್ಮ ಭಾವನವರನ್ನು ನೋಡಿರಲಿಲ್ಲ. ಜೊತೆಗೆ ಕೊಟ್ಟಿದ್ದ ಅಲ್ಯೂಮಿನಿಯಂ ಮೊಳೆಗಳು ಗರಸಿಗೆ ಅರ್ಧ ಬೆರಳೂ ಇಳಿಯದೆ ಒಂದೊಂದಾಗಿ ಬಾಗಿ ನಮಸ್ಕಾರ ಮಾಡಿದವು. ಹೊಲದ ಧಣಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಎತ್ತು ಕಟ್ಟುವ ಜಾಲಿ ಗೂಟ, ಹಾರೆ, ಕಣ್ಣಿಯ ಹಗ್ಗ ತಂದ. ಹಾರೆಯಿಂದ ತೂತು ಹೊಡೆದು ಗೂಟ ಜಡಿದು, ಒಂದು ಮೂಲೆಯ ಹಗ್ಗವನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಬಿಗಿದು, “ಇನ್ನ ನಮ್ಮ ಎತ್ತು ಜಗ್ಗಿದ್ರೂ ಬರೂದಿಲ್ರಿ” ಎಂದ. ಎತ್ತಿನ ಮಾತು ಸರಿ. ಗಾಳಿಯ ಬಗ್ಗೆ ಅವನು ಏನೂ ಹೇಳಿರಲಿಲ್ಲ.

ಅಷ್ಟರಲ್ಲಿ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿದ್ದರು. ಬುತ್ತಿಯ ವಿಷಯದಲ್ಲಿ ನಮ್ಮ ಬಳಗಕ್ಕೆ ಯಾವ ಪರ್ವತದವರೂ ಸರಿಗಟ್ಟಲಾರರು. ಕಟಕ ರೊಟ್ಟಿಯ ಗಂಟು, ಬಿಸಿ ರೊಟ್ಟಿಯ ಗಂಟು ಬೇರೆ ಬೇರೆ. ಎಣಗಾಯಿ, ಮಡಿಕೆ ಕಾಳಿನ ಪಲ್ಲೆ, ಕೆಂಪಿಂಡಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು, ಒಗ್ಗರಣೆ ಹಾಕಿದ ಮೊಸರು ಬುತ್ತಿ, ಮಾದಲಿ, ಶೇಂಗಾ ಹೋಳಿಗೆ. ಜೊಹಾನ್ಸ್‌ಬರ್ಗ್‌ನವನು ಟೆಂಟಿನ ಮುಂದೆ ಬೆಂಕಿ ಮಾಡಿ ಏನೋ ಸುಟ್ಟು ತಿಂದದ್ದನ್ನು ನೋಡಿದ್ದ ಹುಡುಗರಿಗೆ ನಾವೂ ಬೆಂಕಿ ಮಾಡಬೇಕೆಂಬ ಆಸೆ. ಹೊಲದವನು ಹಸಿ ಶೇಂಗಾ ಬಳ್ಳಿ ಕಿತ್ತು ಕೊಟ್ಟ. ಬದುವಿನ ಬೆಂಕಿಯಲ್ಲಿ ಬಳ್ಳಿ ಸಮೇತ ಸುಟ್ಟು, ಬೂದಿಯಿಂದ ಕಾಯಿ ಹೆಕ್ಕಿ, ಕೈಬಾಯಿ ಮಸಿ ಮಾಡಿಕೊಂಡು ತಿಂದರು. ಅಂಥ ಹೊತ್ತಿನಲ್ಲಿ ಭಾವನಿಗೆ ತಮ್ಮ ತಾಲೂಕಿನ ಮಾನ ನೆನಪಾಯಿತು. “ಟೆಂಟಿಲ್ಲ, ಗಾಡಿಯಿಲ್ಲ, ಬುತ್ತಿಯಿಲ್ಲ. ಹಿಮಾಲಯ ಹಾರಿ ನಮ್ಮ ಮಾಗಡಿ ಕೆರಿಗೆ ಬರತಾವ ಪಟ್ಟೆತಲೆ ಹೆಬ್ಬಾತು. ಬಂದು ಚಳಿಗಾಲ ಪೂರಾ ಇರತಾವ. ಕ್ಯಾಂಪಿಂಗ್ ಅಂದ್ರ ಅದು” ಎಂದರು. ಮಾತಿನಲ್ಲಿ ಹುರುಳಿತ್ತು. ಶಿರಹಟ್ಟಿ ತಾಲೂಕಿನ ಆ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಹಗಲಿಡೀ ನೀರಿನಲ್ಲಿ ಕೂತು, ಕತ್ತಲಾದ ಮೇಲೆ ಸುತ್ತಲ ಹೊಲಕ್ಕೆ ಮೇಯಲು ಹೋಗುವ ಆ ಅತಿಥಿಗಳಿಗೆ ಬುತ್ತಿ ಕಟ್ಟುವ ಕೆಲಸ ನಮ್ಮ ರೈತರದೇ.

ರಾತ್ರಿ ಗಾಳಿ ಎದ್ದಿತು. ಕಪ್ಪತಗುಡ್ಡದ ನೆತ್ತಿಯ ಒಂದು ಜಾಗಕ್ಕೆ ಗಾಳಿಗುಂಡಿ ಬಸವಣ್ಣ ಎಂದೇ ಹೆಸರು, ಸಾಲುಸಾಲು ಗಾಳಿಯಂತ್ರ ನೆಟ್ಟಿದ್ದು ಸುಮ್ಮನೆ ಅಲ್ಲ. ಗೂಟ ಕದಲಲಿಲ್ಲ, ಹಗ್ಗ ಕದಲಲಿಲ್ಲ. ಅವೆರಡರ ನಡುವೆ ಇದ್ದ ಟೆಂಟು ಮಾತ್ರ ಹೊಲಿಗೆ ಬಿಟ್ಟುಕೊಂಡು ಒಂದು ಕಡೆ ತೆರೆದುಕೊಂಡಿತು. ಹುಡುಗರು ಬ್ಯಾಟರಿ ಹಿಡಿದು ಕೇಕೆ ಹಾಕಿದರು. ದೊಡ್ಡವರು ತಮ್ಮ ತಮ್ಮ ತಲೆದಿಂಬು ಎತ್ತಿಕೊಂಡು ಹೊಲದ ಮನೆಯ ಪಡಸಾಲೆಗೆ ನಡೆದರು. ಅಲ್ಲಿ ಅವ್ವ ಮೊದಲಿನಿಂದಲೂ ತನ್ನ ಕೌದಿ ಹಾಸಿ ಮಲಗಿದ್ದಳು. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನಮ್ಮ ಸಣ್ಣಂದಿನ ಅಂಗಿಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ. ಗಾಳಿಗೆ ಕಿವಿಗೊಟ್ಟು, “ಮಗ್ಗ ನಡದಂಗ ಸಪ್ಪಳ ಆಗಾಕತ್ತೇತಿ, ಛಲೋ ನಿದ್ದಿ ಬರತೈತಿ” ಎಂದು ಆ ಕಡೆ ಹೊರಳಿದಳು.

ಬೆಳಿಗ್ಗೆ ಕಪ್ಪತ ಮಲ್ಲೇಶ್ವರನ ದಾರಿ ಹಿಡಿದು ಹತ್ತಿದೆವು. ಭಕ್ತರು ನಡೆದು ನಡೆದು ಆದ ದಾರಿ. ಎರಡೂ ಕಡೆ ಕುರುಚಲು ಕಾಡು, ಮಳೆಗೆ ಮೈತೊಳೆದುಕೊಂಡು ಹಸಿರಾಗಿತ್ತು. ಇದೇ ಗುಡ್ಡವನ್ನು ಏಪ್ರಿಲ್‌ನಲ್ಲಿ ನೋಡಿದವರಿಗೆ ಗುರುತು ಹತ್ತುವುದಿಲ್ಲ. ಹೆಜ್ಜೆ ಹೆಜ್ಜೆಗೆ ನಿಂತು ಕಾಕಾ ಒಂದೊಂದು ಗಿಡಕ್ಕೆ ಒಂದೊಂದು ರೋಗ ಹೇಳಿದರು. ಎಲ್ಲರೂ ತಮ್ಮ ರೋಗದ ಗಿಡ ಬಂದಾಗ ಮಾತ್ರ ನಿಂತು ಕೇಳಿದರು. ಸಕ್ಕರೆ ಕಾಯಿಲೆಯ ಗಿಡದ ಹತ್ತಿರ ಇಡೀ ಬಳಗ ನಿಂತಿತು.

ಒಂದು ತಿರುವಿನಲ್ಲಿ ಸಪ್ಪಳ ಕೇಳಿಸಿತು. ಹುಡುಗರು ಓಡಿದರು. ಕೊರಕಲಿನ ಮೇಲ್ತುದಿಯಲ್ಲಿ ತುಕ್ಕು ಬಣ್ಣದ ಬಂಡೆ, ಅದರ ಒಂದು ಸೀಳಿನಿಂದ ನೀರು ಎರಡು ಕವಲಾಗಿ ಇಳಿಯುತ್ತಿತ್ತು. ಒಂದು ಕವಲು ನೇರ ಜಿಗಿದು ಕೆಳಗಿನ ಹಾಸುಗಲ್ಲಿನ ಮೇಲೆ ಸಿಡಿಯುತ್ತಿತ್ತು; ಇನ್ನೊಂದು ಬಂಡೆಯ ಮೈಗೆ ಅಂಟಿಕೊಂಡು, ಅಲ್ಲಿದ್ದ ಒಂದು ಗೋಣಿಗಿಡದ ಬೇರನ್ನು ಹಾದು ತಡವಾಗಿ ಬರುತ್ತಿತ್ತು. ಕಬ್ಬಿಣದ ಮಣ್ಣು ತೊಳೆದು ತಂದಿದ್ದರಿಂದ ಬಣ್ಣ ಹಾಲು ಕಡಿಮೆ ಹಾಕಿದ ಚಹಾದ್ದು. ಎತ್ತರ? ಬೆಟಗೇರಿಯ ಮನೆಗೆ ಒಂದು ಅಂತಸ್ತು ಏರಿಸಿದರೆ ಎಷ್ಟೋ ಅಷ್ಟು. ಹುಡುಗರು ನೆಲಕ್ಕೆ ಒರಗಿ, ಮೊಬೈಲು ಮೇಲ್ಮುಖ ಮಾಡಿ, ಯಾರೂ ಚೌಕಟ್ಟಿನಲ್ಲಿ ಬರದಂತೆ ನಮ್ಮನ್ನೆಲ್ಲ ಓಡಿಸಿ ವಿಡಿಯೊ ತೆಗೆದರು. ಅದರಲ್ಲಿ ನೋಡಿದರೆ ತುಗೇಲಾ ನಾಚಬೇಕು. ಅಳತೆಗೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲದಿದ್ದರೆ ಯಾವ ನೀರು ಬೇಕಾದರೂ ಜಲಪಾತವೇ.

ಭಾವ ತಲೆ ಕೊಟ್ಟು ನಿಂತರು. ಅತ್ತೆ ಅಂಗೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವ್ವ ಮಾತ್ರ ಬೀಳುವ ನೀರಿಗೆ ಬೆನ್ನು ಹಾಕಿ, ಅದು ಹೋಗುವ ದಿಕ್ಕಿಗೆ ಮುಖ ಮಾಡಿ ನಿಂತು ಕೇಳಿದಳು: “ಇದು ಎತ್ತ ಹೊಕ್ಕೈತಿ?”

ಅಷ್ಟೇ ಸಾಕಾಯಿತು. ಮುಂಡರಗಿಯ ಕಾಕಾ ಡಂಬಳದ ಕೆರೆಗೆ ಎಂದರು. ಭಾವ ಗುಡ್ಡದ ನೀರೆಲ್ಲ ಅತ್ತಲೇ ಹೋಗಿದ್ದರೆ ತಮ್ಮ ಕಡೆಯ ಕೆರೆ ತುಂಬಿದ್ದು ಯಾರ ಮನೆಯ ನೀರಿನಿಂದ ಎಂದು ಕೇಳಿದರು. ಹಿಂದಿನಿಂದ ಕುರಿ ಹೊಡೆದುಕೊಂಡು ಬಂದವನೊಬ್ಬ ಇಬ್ಬರ ವಾದವನ್ನೂ ಕೇಳಿ, ಹಳ್ಳ ಎಲ್ಲೆಲ್ಲಿ ಹೊರಳುತ್ತದೆ, ಯಾರ ಹೊಲದ ಒಡ್ಡು ಒಡೆಯುತ್ತದೆ, ಯಾವ ಬಾಂದಾರದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೋಲಿನಿಂದ ಮಣ್ಣಿನಲ್ಲಿ ಗೀರಿ ತೋರಿಸಿದ. ಕಡೆಗೆ ಕೋಲು ಡಂಬಳದ ಕಡೆಗೇ ನಿಂತಿತು. ಭಾವ ಆ ನಕ್ಷೆಯನ್ನು ಒಪ್ಪಲಿಲ್ಲ. ಅವ್ವ ತೃಪ್ತಳಾಗಿ ಈಗ ನೀರಿನ ಕಡೆ ತಿರುಗಿ, ಮೊದಲ ಸಲ ಅದನ್ನು ಕಣ್ತುಂಬ ನೋಡಿದಳು.

ಲೋಕದಲ್ಲಿ ಜಲಪಾತ ಕಂಡವರು ಅದರ ಎತ್ತರ ಕೇಳುತ್ತಾರೆ. ಎತ್ತರಕ್ಕಾಗಿ ಜಗಳವೂ ನಡೆಯುತ್ತದೆ: 2016ರಲ್ಲಿ ಝೆಕ್ ದೇಶದ ತಂಡವೊಂದು ತುಗೇಲಾವನ್ನು ಮತ್ತೆ ಅಳೆದು 983 ಮೀಟರ್ ಎಂದಿತು, ಹಾಗಾದರೆ 979 ಮೀಟರಿನ ವೆನೆಜುವೆಲಾದ ಏಂಜೆಲ್ ಜಲಪಾತ ಪಟ್ಟ ಬಿಟ್ಟು ಇಳಿಯಬೇಕಾಗುತ್ತದೆ. ನಮ್ಮವರು ಎತ್ತರದ ಗೊಡವೆಗೆ ಹೋಗುವುದಿಲ್ಲ, ನೀರಿನ ವಿಳಾಸ ಕೇಳುತ್ತಾರೆ. ಅಷ್ಟು ದೊಡ್ಡ ಜೋಗದ ಮುಂದೆ ನಿಂತಾಗಲೂ ಅವ್ವ ಕೇಳಿದ್ದು ಇದನ್ನೇ. ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ ಎಂದು ಹೇಳಿದ್ದಕ್ಕೆ ಊರು ಮುಟ್ಟುವ ತನಕ ಮಾತಾಡಿರಲಿಲ್ಲ. ಇದು ಬರಗಾಲದ ಬುದ್ಧಿ ಎಂದು ಓದಿದವರು ನಗಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಚೆಲುವನ್ನು ನೋಡಿ ಹೊಗಳಿ ಹೊರಟುಬಿಡುವುದು ಸುಲಭ; ಅದು ಯಾರ ಮನೆಗೆ ಹೋಗಿ ಮುಟ್ಟಿತು ಎಂದು ವಿಚಾರಿಸುವುದು ಬಳಗದವರು ಮಾಡುವ ಕೆಲಸ. ಎಲ್ಲಿಯದೋ ಮೋಡ, ಯಾರದೋ ಗುಡ್ಡ, ಕಡೆಗೆ ಡಂಬಳದ ಯಾವನದೋ ಉಳ್ಳಾಗಡ್ಡಿ ಮಡಿ. ಗುಡ್ಡದ ನೀರು ಸಾಲದ ವರ್ಷ ಆ ಕೆರೆಗೆ ತುಂಗಭದ್ರೆಯ ನೀರನ್ನು ಸಿಂಗಟಾಲೂರ ಏತ ನೀರಾವರಿಯ ಪಂಪು ಹಚ್ಚಿ ಎತ್ತಿ ತರುವ ಏರ್ಪಾಡೂ ಆಗಿದೆ. ಇಳಿಯುವ ನೀರಿಗಿಂತ ಏರುವ ನೀರೇ ನಮಗೆ ಹೆಚ್ಚು ಬೆರಗು.

ಊರಿಗೆ ಬಂದ ಮೇಲೆ ಹುಡುಗರು ವಿಡಿಯೊ ಕಳಿಸಿದರು. ಜೊಹಾನ್ಸ್‌ಬರ್ಗ್‌ನಿಂದ ಫೋನು ಬಂತು. ಅವನು ಬೆರಗಾದದ್ದು ಖರೆ. ಕಪ್ಪತಗುಡ್ಡದಲ್ಲಿ ಇಷ್ಟು ದೊಡ್ಡ ಫಾಲ್ಸ್ ಇದೆಯೆಂದು ಗೊತ್ತೇ ಇರಲಿಲ್ಲ ಎಂದ. ಹುಡುಗರು ಉಸಿರೆತ್ತಲಿಲ್ಲ. ಅವ್ವ ಫೋನು ಇಸಿದುಕೊಂಡು, “ನೀ ನೋಡಿ ಬಂದಿಯಲ್ಲ, ಆ ನೀರು ಎತ್ತ ಹೋಗತೈತೋ?” ಎಂದಳು. ಅವನಿಗೆ ಎತ್ತರ ಗೊತ್ತಿತ್ತು, ಏಣಿಗೆ ಎಷ್ಟು ಮೆಟ್ಟಿಲು ಎಂಬುದೂ ಗೊತ್ತಿತ್ತು, ಇದು ಗೊತ್ತಿರಲಿಲ್ಲ. “ಇಂಡಿಯನ್ ಓಶನ್‌ಗೆ ಇರಬೇಕು ದೊಡ್ಡವ್ವ” ಎಂದು ತಡವರಿಸಿದ. ಅವ್ವ ಜೋಗದ ನಂತರ ಮಾಡಿದ ಮುಖವನ್ನೇ ಮಾಡಿದಳು.

ಹುಡುಗ ಒಳ್ಳೆಯವನು, ವಿಚಾರಿಸಿಕೊಂಡ. ಮತ್ತೆ ಫೋನು ಬಂದಾಗ ದನಿಯೇ ಬೇರೆ. ತುಗೇಲಾ ಸಮುದ್ರಕ್ಕೆ ಹೋಗುವುದು ಹೌದು, ಆದರೆ ಪೂರ್ತಿ ಅಲ್ಲ. ಬೆಟ್ಟದ ಬುಡದಲ್ಲಿ ವುಡ್‌ಸ್ಟಾಕ್ ಎಂಬ ಅಣೆಕಟ್ಟು ಅದನ್ನು ತಡೆಯುತ್ತದೆ. ಅಲ್ಲಿಂದ ಕಾಲುವೆ. ಕಾಲುವೆಯಿಂದ ಬಂದ ನೀರನ್ನು ಮತ್ತೆ ಅದೇ ಡ್ರಾಕೆನ್ಸ್‌ಬರ್ಗ್ ಬೆಟ್ಟದ ಮೇಲಕ್ಕೆ ಪಂಪಿನಿಂದ ಎತ್ತಿ, ಆಚೆ ಕಡೆಯ ಸ್ಟರ್ಕ್‌ಫಾಂಟೇನ್ ಜಲಾಶಯಕ್ಕೆ ತುಂಬುತ್ತಾರೆ. ಅಲ್ಲಿಂದ ಬೇಕಾದಾಗ ವಾಲ್ ನದಿಗೆ ಬಿಟ್ಟರೆ ಜೊಹಾನ್ಸ್‌ಬರ್ಗ್‌ನ ನಲ್ಲಿಗಳಿಗೆ. ಬೆಟ್ಟದ ಹೊಟ್ಟೆಯೊಳಗೇ ವಿದ್ಯುದಾಗಾರ ಇದೆ, 1981ರಿಂದ ನಡೆದಿದೆ. ಕರೆಂಟಿಗೆ ಬೇಡಿಕೆ ಕಡಿಮೆ ಇರುವ ರಾತ್ರಿ ನೀರು ಮೇಲೆತ್ತುವುದು, ಬೇಡಿಕೆ ಹೆಚ್ಚಿದಾಗ ಅದರಲ್ಲೇ ಸ್ವಲ್ಪ ಕೆಳಗೆ ಬಿಟ್ಟು ಕರೆಂಟು ಮಾಡಿಕೊಳ್ಳುವುದು. “ಅಂದ್ರ ದೊಡ್ಡವ್ವ, ನಾ ಟೆಂಟ್ ಹಾಕಿ ನೋಡಿದ ನೀರಿನಾಗ ನಮ್ಮ ಮನಿ ಸ್ನಾನದ ನೀರೂ ಇತ್ತು!”

ಕಾಕಾ ಕೂಡಲೇ ಕಾಗದ ಪೆನ್ನು ಹುಡುಕಿದರು. ಅತ್ತೆ ಮಗನ ಗುಡ್ಡ ಗೆದ್ದಿತೆಂದು ತೀರ್ಮಾನಿಸಿ ಎಲ್ಲರಿಗೂ ಚಹಾ ಇಡಲು ಎದ್ದರು. ಅವ್ವ ರಾತ್ರಿ ಪಂಪಿನ ಮಾತು ಬಂದಲ್ಲಿಗೇ ನಿಂತಿದ್ದಳು. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಎದ್ದು ಹೊಲಕ್ಕೆ ಹೋಗಿ ಮೋಟಾರು ಚಾಲೂ ಮಾಡುವ ನಾಡಿನವಳು. ಆಫ್ರಿಕಾದ ಬೆಟ್ಟ ಅವಳಿಗೆ ಒಮ್ಮೆಲೇ ಪರಿಚಯದ್ದಾಯಿತು. ಫೋನಿನ ಹತ್ತಿರ ಬಾಗಿ, ಆ ಹುಡುಗನಿಗೆ ಗುಟ್ಟು ಹೇಳುವವಳಂತೆ ಅಂದಳು: “ರಾತ್ರಿ ಎತ್ತತಾರಂದ್ರ ರಾತ್ರಿನ ಎದ್ದು ತುಂಬಿಟ್ಟಕೋ. ಮುಂಜಾನೆ ಬರತೈತಂತ ಯಾರ ಹೇಳಿದ್ರೂ ನಂಬಬ್ಯಾಡ.”